ಕಚ್ಚದ ನಾಯಿಯ ಮೇಲೆ ಹೇಳಿದ ಸುಳ್ಳು

ಪ್ರತಿ ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆ ಹುಡುಗಿಯ ಫೋನು ಬರುತ್ತಿತ್ತು. ವರ್ತೂರಿನ ಆಚೆ ಬೀದಿನಾಯಿಗಳನ್ನು ತಂದು ಸಾಕುವ ಒಂದು ಕೇಂದ್ರವಿದೆ. ಅಲ್ಲಿಂದ ಯಾರಾದರೂ ನಾಯಿಯನ್ನು ಮನೆಗೆ ಕರೆದುಕೊಂಡು ಹೋದ ಮೇಲೆ, ಅದು ಹೇಗಿದೆ, ಮನೆಯವರಿಗೆ ಏನಾದರೂ ತೊಂದರೆಯಿದೆಯೇ ಎಂದು ವಿಚಾರಿಸುತ್ತಿರುವುದು ಅವಳ ಕೆಲಸ. ನಾಯಿಯನ್ನು ತಂದವಳು ನನ್ನ ಹೆಂಡತಿ. ಆದರೆ ಫಾರಂನಲ್ಲಿ ಬರೆಸಿದ್ದು ನನ್ನ ನಂಬರು. ಮನೆಗೆ ಇದ್ದದ್ದು ಒಂದೇ ಫೋನು, ಅದು ನನ್ನ ಜೇಬಿನಲ್ಲಿರುತ್ತಿತ್ತು.

"ಅಂಕಲ್, ನಮ್ಮ ಹುಡುಗಿ ಹೇಗಿದಾಳೆ?"

ನಾಯಿಗೆ ಹುಡುಗಿ ಎನ್ನುವುದು, ನನಗೆ ಅಂಕಲ್ ಎನ್ನುವುದು, ಎರಡೂ ಮೈ ಉರಿಸುತ್ತಿದ್ದವು.

"ಚೆನ್ನಾಗಿದೆ."

"ಊಟ ಮಾಡ್ತಾಳಾ?"

"ಮಾಡತ್ತೆ."

"ಆಂಟಿಗೆ ಒಂದ್ನಿಮಿಷ ಫೋನ್ ಕೊಡ್ತೀರಾ?"

"ಸ್ನಾನಕ್ಕೆ ಹೋಗಿದಾಳೆ."

ಹೆಂಡತಿ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿರುತ್ತಿದ್ದಳು. ಆರು ಶನಿವಾರ ಅವಳಿಗೆ ಹೀಗೆ ಹನ್ನೊಂದು ಗಂಟೆಗೆ ಸರಿಯಾಗಿ ಸ್ನಾನ ಮಾಡಿಸಿದೆ.

ನನಗೆ ಯಾಕೆ ಅಷ್ಟು ಸಿಟ್ಟಿತ್ತು ಎಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇತ್ ಯಂತ್ರದ ಮುಂದೆ ನಿಂತವನು ನಾನು. ಕೊನೆಯ ದಿನ ಒಂದು ಶಾಲು ಹೊದಿಸಿ ಗೇಟಿನಿಂದ ಹೊರಗೆ ಕಳಿಸಿದರು. ಆಮೇಲೆ ಅಲ್ಲಿಂದ ಒಬ್ಬನೂ, ಬದುಕಿದ್ದೀಯೇನಯ್ಯಾ ಎಂದು ಫೋನು ಮಾಡಲಿಲ್ಲ. ಹರಿದ ಕಿವಿಯ ಒಂದು ಕಂದು ಬೀದಿನಾಯಿಗೆ ವಾರ ತಪ್ಪದೆ ಫೋನು. ಅದನ್ನು ಎತ್ತಿ ಅದರ ಕ್ಷೇಮ ಹೇಳಬೇಕಾದವನು ನಾನು.

ನಾಯಿ ಬಂದದ್ದೂ ನನ್ನನ್ನು ಕೇಳಿಯಲ್ಲ. ಲಗ್ಗೆರೆಯ ನಮ್ಮ ಮನೆಯ ಹಿಂದಿನ ಆಟದ ಮೈದಾನದಲ್ಲಿ ಒಂದು ಭಾನುವಾರ ಆ ಕೇಂದ್ರದವರು ಶಾಮಿಯಾನ ಹಾಕಿ, ನಾಯಿಗಳ ಕೊರಳಿಗೆ ಬಣ್ಣದ ಬಟ್ಟೆ ಕಟ್ಟಿ ಕೂರಿಸಿದ್ದರು. ತರಕಾರಿಗೆ ಹೋದವಳು ತರಕಾರಿ ಮರೆತು ನಾಯಿಯನ್ನು ಕರೆತಂದಳು. ಮನೆ ನೋಡಲು ಜೊತೆಗೆ ಬಂದ ಆ ಹುಡುಗಿ ನನ್ನ ಮುಂದೆಯೇ ಹೇಳಿದ್ದಳು:

"ಇವಳನ್ನ ಒಂದ್ಸಲ ಒಂದ್ಮನೆಗೆ ಕೊಟ್ಟಿದ್ವಿ ಅಂಕಲ್, ಹತ್ತೇ ದಿನಕ್ಕೆ ವಾಪಸ್ ತಂದು ಬಿಟ್ರು. ಇನ್ನೊಂದ್ಸಲ ಹಾಗಾದ್ರೆ ಆಮೇಲೆ ಯಾರೂ ತಗೊಳಲ್ಲ. ಅದಕ್ಕೇ ನಾವು ಫೋನ್ ಮಾಡ್ತಾ ಇರ್ತೀವಿ. ಏನೇ ತೊಂದ್ರೆ ಇದ್ರೂ ಸಣ್ಣದಿದ್ದಾಗ್ಲೇ ಹೇಳ್ಬಿಡಿ."

ತೊಂದರೆ ಇತ್ತು. ಮೊದಲ ದಿನದಿಂದಲೇ ಇತ್ತು.

ನಮ್ಮ ಕಡೆ ನಾಯಿಯನ್ನು ಓಡಿಸಲು 'ಹಚಾ' ಎನ್ನುತ್ತೇವೆ. ನಮ್ಮ ನಾಲಿಗೆಯಲ್ಲಿ ಹಕಾರ ಎಷ್ಟೋ ಸಲ ನಿಲ್ಲುವುದಿಲ್ಲವಾದ್ದರಿಂದ ಅದು 'ಅಚಾ' ಆಗಿಬಿಡುತ್ತದೆ. ನನ್ನ ಅಪ್ಪ ಅಂದದ್ದು ಅದು, ನಾನು ಅಂದದ್ದೂ ಅದು, ಆ ಮಾತು ಕೇಳಿ ಓಡದ ನಾಯಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇದು ಓಡಲಿಲ್ಲ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ ನನ್ನ ಕಡೆ ಅದು ಬಂತು. "ಅಚಾ" ಎಂದೆ. ಬಾಲ ಆಡಿಸಿತು. "ಅಚಾ! ಅಚಾ!" ಎಂದು ಗದರಿದೆ. ಇನ್ನೂ ಹತ್ತಿರ ಬಂದು ಮೊಣಕಾಲಿನ ಮೇಲೆ ಗದ್ದವಿಟ್ಟು ನನ್ನ ಮುಖ ನೋಡಿತು.

"ನೋಡೇ, ಇದು ನನ್ನ ಅಣಕಿಸ್ತಾ ಇದೆ."

"ನಾಯಿಗೇನ್ರೀ ಗೊತ್ತು ಅಣಕ? ನಿಮ್ಮ ಹತ್ರ ಬರೋಕೆ ಅದಕ್ಕೆ ಇಷ್ಟ, ಅಷ್ಟೇ. ಈ ಮನೇಲಿ ನಿಮ್ಮನ್ನ ಅಂಗೆ ಇಷ್ಟಪಡೋರು ಇನ್ಯಾರಿದಾರೆ, ಸುಮ್ನೆ ಇರಿ."

ಹೆಂಡತಿ ಅದನ್ನು ಓಡಿಸಿದ್ದೇ ಇಲ್ಲ. ದಿನವಿಡೀ "ಬಾರೇ, ಕೂರೇ, ತಿನ್ನೇ" ಎಂದು ಅದರೊಡನೆ ಮಾತಾಡುತ್ತಿದ್ದಳು. ನನ್ನೊಡನೆ ಅವಳು ಆಡುತ್ತಿದ್ದ ಮಾತುಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಹಾಗಾಗಿ ನಾಯಿ ನನ್ನನ್ನು ಬೇಕೆಂದೇ ಕೆಣಕುತ್ತಿದೆ, ಅವಳು ಅದಕ್ಕೆ ಕುಮ್ಮಕ್ಕು ಕೊಡುತ್ತಿದ್ದಾಳೆ ಎಂದು ನಂಬಿದೆ. ಅವಳು ಮನೆಯಲ್ಲಿಲ್ಲದಾಗ ನೆಲ ಒರೆಸುವ ಕೋಲನ್ನು ತೆಗೆದುಕೊಂಡೆ. ಒಂದು ಸಲ ಅಲ್ಲ, ಹಲವು ಸಲ. "ಅಚಾ" ಎಂದು ಕೋಲೆತ್ತಿದರೆ ಅದು ಹೊಟ್ಟೆಯನ್ನು ನೆಲಕ್ಕೆ ಹಚ್ಚಿ, ಉಚ್ಚೆ ಹೊಯ್ದುಕೊಂಡು, ಆದರೂ ನನ್ನ ಕಡೆಗೇ ತೆವಳಿ ಬರುತ್ತಿತ್ತು. ಹೊಡೆದರೂ ಬರುತ್ತದಲ್ಲ, ಎಷ್ಟು ಕೊಬ್ಬು ಎಂದುಕೊಂಡು ಮತ್ತೊಂದು ಏಟು ಹಾಕುತ್ತಿದ್ದೆ. ನೆಲವನ್ನು ಅದೇ ಕೋಲಿನಿಂದ ಒರೆಸಿ ಇಡುತ್ತಿದ್ದೆ.

ಶನಿವಾರ ಫೋನು ಬಂದಾಗ "ಚೆನ್ನಾಗಿದೆ."

ಅವಳು ಬಿಡುವ ಹುಡುಗಿಯಲ್ಲ. "ಯಾವ್ದಾದ್ರೂ ಮಾತಿಗೆ ವಿಚಿತ್ರವಾಗಿ ಆಡ್ತಾಳಾ ಅಂಕಲ್? ಇಲ್ಲಿ ಅವಳು ಕೇಳ್ತಿದ್ದ ಮಾತೇ ಬೇರೆ. ಹೊಸ ಮನೇಲಿ ಸ್ವಲ್ಪ ಗೊಂದಲ ಆಗತ್ತೆ."

"ನಾಯಿಗೆ ಕನ್ನಡ ಕಲ್ಸಕ್ಕೆ ನಾನೇನ್ ಮೇಷ್ಟ್ರೇನಮ್ಮಾ?"

"ಹಾಗಲ್ಲ ಅಂಕಲ್. ಒಂದ್ಸಲ ಮನೆಗೆ ಬಂದು ನೋಡ್ಲಾ?"

"ಬಾಗಿಲಿಗೆ ಬಂದು ವಿಚಾರಣೆ ಮಾಡಕ್ಕೆ ನೀವೇನ್ ಪೊಲೀಸರಾ?" ಎಂದು ಫೋನಿಟ್ಟೆ.

ಅವತ್ತು ಸಂಜೆ ವಾಟ್ಸಾಪಿನಲ್ಲಿ ಅವಳ ದನಿಯ ಒಂದು ಸಂದೇಶ ಬಂತು. ಕೆಳಗೆ 'ಆಂಟಿಗೆ ದಯವಿಟ್ಟು ಕೇಳಿಸಿ' ಎಂದು ಬರೆದಿತ್ತು. ನಾನೂ ಕೇಳಲಿಲ್ಲ, ಹೆಂಡತಿಗೂ ಕೇಳಿಸಲಿಲ್ಲ. ಅಳಿಸಿಬಿಟ್ಟೆ.

ಮುಂದಿನ ವಾರ ಹೆಂಡತಿ ತನ್ನ ತಂಗಿಯ ಮನೆಗೆ ಹೋಗಿದ್ದಾಗ ನಾಯಿ ಮತ್ತೆ ನನ್ನ ಕುರ್ಚಿಯ ಹತ್ತಿರ ಬಂತು. ಕೋಲು ಬೀಸಿದೆ. ಅದು ಪಕ್ಕಕ್ಕೆ ಸರಿಯಿತು, ನಾನು ಆಯ ತಪ್ಪಿ ಗೇಟಿನ ಮೇಲೆ ಬಿದ್ದೆ. ಗೇಟಿಗೆ ಹೊಡೆದಿದ್ದ ತಗಡಿನ ಅಂಚು ಹೆಬ್ಬೆರಳಿನ ಬುಡವನ್ನು ಸೀಳಿತು. ಮೆಟ್ಟಿಲ ಮೇಲೆ ಕೂತು ಕೈ ಹಿಡಿದುಕೊಂಡೆ. ನಾಯಿ ಬಂದು ಆ ರಕ್ತವನ್ನು ನೆಕ್ಕಿತು. ನಾನು ಹಲ್ಲು ಕಡಿದು "ಅಚಾ" ಎಂದೆ. ಅದು ಇನ್ನೂ ನೆಕ್ಕಿತು. ಅಷ್ಟರಲ್ಲಿ ಹೆಂಡತಿ ಗೇಟು ತೆಗೆದು ಒಳಗೆ ಬಂದಳು.

"ಅಯ್ಯೋ! ಏನ್ರೀ ಇದು ರಕ್ತ?"

"ಕಚ್ತು," ಎಂದೆ.

ಯೋಚಿಸಿ ಹೇಳಿದ ಮಾತಲ್ಲ. ಆದರೆ ಹೇಳಿದ ಮೇಲೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅವಳು ನನ್ನ ಕೈಯನ್ನು ತನ್ನ ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ಗಾಯ ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿ, "ಹಲ್ಲಿನ ಗಾಯ ಥರ ಕಾಣಲ್ವಲ್ಲ ಯಜಮಾನ್ರೇ?" ಎಂದರು. "ನಾಯಿನೇ ಸಾರ್, ನಾನ್ಯಾಕೆ ಸುಳ್ಳು ಹೇಳ್ಲಿ," ಎಂದೆ. ಅವರು ಹೆಚ್ಚು ವಾದ ಮಾಡದೆ ನಾಯಿ ಕಡಿತದ ಮೊದಲ ಸೂಜಿ ಹಾಕಿಸಿದರು. ಉಳಿದವಕ್ಕೆ ಯಾವ ಯಾವ ದಿನ ಬರಬೇಕೆಂದು ಚೀಟಿ ಬರೆದುಕೊಟ್ಟರು.

ಶನಿವಾರದವರೆಗೆ ಕಾಯಲಿಲ್ಲ. ಮೊದಲನೆಯ ಸಲ ನಾನಾಗಿ ಆ ಹುಡುಗಿಗೆ ಫೋನು ಮಾಡಿದೆ.

"ನಿಮ್ಮ ನಾಯಿ ಕಚ್ಚಿದೆ. ಬಂದು ತಗೊಂಡ್ ಹೋಗಿ."

"ಏನಾಯ್ತು ಅಂತ ಮೊದಲಿಂದ ಹೇಳಿ ಅಂಕಲ್. ನಾಳೆನೇ ನಾಯಿ ಪಳಗಿಸೋರನ್ನ ಕಳಿಸ್ತೀನಿ. ಎರಡು ವಾರ ನೋಡೋಣ."

"ಎರಡು ನಿಮಿಷನೂ ಬೇಡ."

"ಕಚ್ಚಿದೆ ಅಂತ ಬರ್ಕೊಂಡ್ರೆ ಅವಳಿಗೆ ಇನ್ನು ಮನೆ ಸಿಗಲ್ಲ. ಒಂದ್ಸಲ ಯೋಚನೆ ಮಾಡಿ ಹೇಳಿ."

"ಬರ್ಕೊಳಮ್ಮಾ," ಎಂದೆ.

ಸೋಮವಾರ ಮಧ್ಯಾಹ್ನ ವ್ಯಾನು ಬಂತು. ಆ ಹುಡುಗಿ, ಜೊತೆಗೆ ಕೇಂದ್ರದಲ್ಲಿ ನಾಯಿಗಳನ್ನು ನೋಡಿಕೊಳ್ಳುವ ಒಬ್ಬ ಒಣಕಲು ನಡುವಯಸ್ಸಿನ ಆಳು. ನಾಯಿ ಮಂಚದ ಕೆಳಗೆ ಸೇರಿಕೊಂಡಿತ್ತು. ಮಂಚದ ಮುಂದೆ ನೆಲದ ಮೇಲೆ ನನ್ನ ಹೆಂಡತಿ ಕಾಲು ಚಾಚಿ ಕೂತಿದ್ದಳು.

"ಏಳೇ, ಜನ ಬಂದಿದಾರೆ."

"ಒಂದ್ಸಲ ಕಚ್ಚಿದ್ದಕ್ಕೆ ಮನೆಯಿಂದ ಆಚೆ ಹಾಕ್ತಾರೇನ್ರೀ? ಅಂಗೆ ನೋಡಿದ್ರೆ ನಲವತ್ತು ವರ್ಷದಿಂದ ನೀವು ನನ್ನ ದಿನಾ ಕಚ್ತಾ ಇದೀರ. ನಿಮ್ಮನ್ನ ಯಾವ ವ್ಯಾನಿಗೆ ಹತ್ತಿಸ್ಲಿ?"

ಹುಡುಗಿ ತಲೆ ತಗ್ಗಿಸಿದಳು. ನಾನು ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಲು ಹೋದೆ. ಅವಳು ಕೊಡವಿಕೊಂಡು ತಾನೇ ಎದ್ದು ಗೋಡೆಯ ಕಡೆ ನಿಂತಳು. ಆ ಮನುಷ್ಯ ಮಂಚದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕೈ ಮುಂದೆ ಮಾಡಿ ಮೆಲ್ಲಗೆ ಕರೆದ:

"ಅಚ್ಛಾ. ಅಚ್ಛಾ, ಅಚ್ಛಾ."

ನಾಯಿ ಹೊರಗೆ ಬಂತು. ಬಾಲ ಆಡಿಸಿತು. ಅವನ ಮೊಣಕಾಲಿನ ಮೇಲೆ ಗದ್ದವಿಟ್ಟು ಅವನ ಮುಖ ನೋಡಿತು.

"ಇವರು ಬಿಹಾರದವರು ಆಂಟಿ," ಎಂದಳು ಹುಡುಗಿ. "ಮರಿಯಿಂದ ಇವಳನ್ನ ಸಾಕಿದ್ದು ಇವರೇ. ಹತ್ರ ಕರೆಯೋದಾದ್ರೂ ಅಚ್ಛಾ, ಮುದ್ದು ಮಾಡೋದಾದ್ರೂ ಅಚ್ಛಾ. ಹಳ್ಳಿ ಕಡೆಯವರು ಹಚಾ ಅಂದ್ರೆ ಇವಳಿಗೆ ಹಾಗೇ ಕೇಳಿಸತ್ತೆ, ಹೋಗು ಅನ್ನೋದನ್ನ ಬಾ ಅಂದ್ಕೊಂಡ್ಬಿಡ್ತಾಳೆ. ಮೊದಲನೇ ಮನೇಲೂ ಅದೇ ಎಡವಟ್ಟಾಗಿದ್ದು ಅಂತ ನಮಗೆ ಮೊನ್ನೆ ಗೊತ್ತಾಯ್ತು. ಗೊತ್ತಾದ ತಕ್ಷಣ ಮೆಸೇಜಲ್ಲಿ ಹೇಳಿದ್ನಲ್ಲ ನಿಮಗೆ."

"ಯಾವ ಮೆಸೇಜಮ್ಮಾ?" ಎಂದಳು ಹೆಂಡತಿ.

ಇಬ್ಬರೂ ನನ್ನ ಕಡೆ ನೋಡಿದರು.

ಕಾರ್ಖಾನೆಯಲ್ಲಿ ಉತ್ತರ ಭಾರತದ ಹುಡುಗರ ಬಾಯಲ್ಲಿ ದಿನಕ್ಕೆ ನೂರು ಸಲ ಕೇಳಿದ್ದ ಮಾತು ಅದು. ನಾನು ಹೋಗು ಎಂದಾಗೆಲ್ಲ ಆ ನಾಯಿಗೆ ಬಾ ಎಂದು ಕೇಳಿಸಿತ್ತು. ಬಂದದ್ದಕ್ಕೆ ಹೊಡೆದಿದ್ದೆ. ಹೊಡೆಯುತ್ತಾ ಮತ್ತೆ ಬಾ ಎಂದಿದ್ದೆ. ಅದು ಬಂದಿತ್ತು. ಇಷ್ಟೆಲ್ಲ ಅಲ್ಲಿ ನಿಂತಲ್ಲೇ ನನಗೆ ಅರ್ಥವಾಯಿತು, ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ. ಇದು ಕಚ್ಚಲಿಲ್ಲ, ಗೇಟು ತರಚಿದ್ದು ಎಂದು ಆಗ ಹೇಳಿದ್ದರೆ ನಾಯಿ ನನ್ನ ಹೆಂಡತಿಯ ಹತ್ತಿರ ಉಳಿಯುತ್ತಿತ್ತು.

"ವ್ಯಾನು ದಾರಿಗೆ ಅಡ್ಡ ನಿಂತಿದೆ, ಬೇಗ ಹೊರಡಿ," ಎಂದೆ.

ಅಲ್ಲಿಂದ ಮುಂದೆ ಹೆಂಡತಿ ಊಟಕ್ಕೆ ಬನ್ನಿ ಎಂದೂ ಕರೆಯಲಿಲ್ಲ. ತಟ್ಟೆಯನ್ನು ನೆಲದ ಮೇಲೆ ಸದ್ದಾಗುವಂತೆ ಇಡುತ್ತಿದ್ದಳು, ಅದೇ ಕರೆ. ಆದರೂ ಚೀಟಿಯಲ್ಲಿ ಬರೆದಿದ್ದ ದಿನಗಳಲ್ಲಿ ತಪ್ಪದೆ ನನ್ನ ಜೊತೆ ಆಸ್ಪತ್ರೆಗೆ ಬಂದಳು. ಸಾಯಲಿ ಎಂದು ಬಿಡುವಷ್ಟು ಸಿಟ್ಟಿದ್ದರೂ ಸೂಜಿ ತಪ್ಪಿಸಲು ಬಿಡಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಕೊನೆಯ ಸೂಜಿ ಹಾಕಿಸಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಾಗ ಹೇಳಿದೆ.

"ಅದು ಕಚ್ಚಲಿಲ್ಲ ಕಣೇ. ಗೇಟಿನ ತಗಡು ತಾಗಿದ್ದು. ನಾನೇ ಹೊಡೆಯಕ್ಕೆ ಹೋಗಿದ್ದೆ. ಆ ಮೆಸೇಜು ಅಳಿಸಿದ್ದೂ ನಾನೇ."

ಅವಳು ನನ್ನ ಕೈಯ ಗಾಯದ ಕಲೆ ನೋಡಿದಳು. ಆಮೇಲೆ ಆಸ್ಪತ್ರೆಯ ಬಾಗಿಲು ನೋಡಿದಳು.

"ಇಷ್ಟೂ ಸೂಜಿ ಸುಮ್ಸುಮ್ನೆ ಚುಚ್ಚಿಸ್ಕೊಂಡ್ರಾ?"

"ಹೂಂ."

"ಆ ಹುಡುಗಿಗೆ ಹೇಳಿದ್ರಾ?"

"ಇಲ್ಲ."

"ಅಂಗಾದ್ರೆ ನನಗ್ಯಾಕೆ ಹೇಳ್ತಾ ಇದೀರ? ನಿಮ್ಮ ಎದೆ ಹಗುರ ಮಾಡ್ಕೊಳಕ್ಕಾ?" ಎಂದು ಎದ್ದು, ಸಿಕ್ಕ ಆಟೋ ಹತ್ತಿ ಒಬ್ಬಳೇ ಹೊರಟುಹೋದಳು.

ಮಾರನೆಯ ದಿನ ಮೂರು ಬಸ್ಸು ಬದಲಾಯಿಸಿ ವರ್ತೂರಿಗೆ ಹೋದೆ. ಅಲ್ಲಿನ ಕೆರೆಯ ನಾತ ಕುಡಿಯುತ್ತಾ, ದಾರಿ ಕೇಳಿಕೊಂಡು, ಅಪಾರ್ಟ್‌ಮೆಂಟುಗಳ ಹಿಂದೆ ಉಳಿದಿದ್ದ ಒಂದು ತೋಟದ ಜಾಗಕ್ಕೆ ನಡೆದೆ. ಹುಡುಗಿ ಒಂದು ತಗಡಿನ ಶೆಡ್ಡಿನಲ್ಲಿ ಯಾರಿಗೋ ಫೋನಿನಲ್ಲಿ, "ಊಟ ಬಿಟ್ಟಿದಾನಾ? ಎಷ್ಟು ದಿನದಿಂದ? ಗಾಬರಿಯಾಗ್ಬೇಡಿ, ನಿಧಾನವಾಗಿ ಹೇಳಿ," ಎನ್ನುತ್ತಿದ್ದಳು. ಮುಗಿಸಿ ನನ್ನನ್ನು ನೋಡಿದವಳು ಕೂರಿ ಎನ್ನಲಿಲ್ಲ. ಹೇಳಬೇಕಾದದ್ದನ್ನು ನಿಂತೇ ಹೇಳಿದೆ. ಅವಳು ಒಂದು ಹಾಳೆ ಮುಂದಿಟ್ಟು, "ಬರೆದು ಕೊಡಿ," ಎಂದಳು. ಹೈಸ್ಕೂಲು ಮುಗಿಸಿದ ಮೇಲೆ ನಾನು ಅಷ್ಟು ಉದ್ದ ಬರೆದದ್ದು ಅದೇ ಮೊದಲು. ನಾಯಿ ನನ್ನನ್ನು ಕಚ್ಚಲಿಲ್ಲ, ನಾನು ಅದನ್ನು ಕೋಲಿನಿಂದ ಹೊಡೆಯುತ್ತಿದ್ದೆ ಎಂದು ಬರೆದು ಸಹಿ ಹಾಕಿದೆ.

ಅವಳು ಎರಡು ಸಲ ಓದಿದಳು.

"ಅವಳನ್ನ ಇಷ್ಟು ದಿನ ಬೇರೆ ಕೂಡಿ ಹಾಕಿದ್ವಿ ಅಂಕಲ್. ಒಬ್ಳನ್ನೇ. ನಾಯಿ ಬೇಕು ಅಂತ ಬಂದವರಿಗೆ ತೋರಿಸೋ ಹಾಗೂ ಇರ್ಲಿಲ್ಲ. ಇನ್ಮೇಲೆ ತೋರಿಸ್ಬಹುದು."

"ನಮ್ಮನೆಯವಳಿಗೇ ಕೊಡಿ ತಾಯಿ. ನಾನು ಅದರ ತಂಟೆಗೆ ಹೋಗಲ್ಲ."

"ಆಂಟಿಗೆ ಇವತ್ತೇ ಕೊಡ್ತಿದ್ದೆ. ನೀವಿರೋ ಮನೆಗೆ ಕೊಡಕ್ಕಾಗಲ್ಲ."

ಒಂದು ಸಲ ನೋಡಿ ಹೋಗುತ್ತೇನೆ ಎಂದೆ. ದೂರದಿಂದ ಎಂದು ಷರತ್ತು ಹಾಕಿ ಕರೆದುಕೊಂಡು ಹೋದಳು. ಜಾಲರಿಯ ಆಚೆ ಬಿಸಿಲಿನಲ್ಲಿ ಅದು ಮಲಗಿತ್ತು. ಬಾಯಿ ತೆರೆಯಲು ನನಗೆ ಧೈರ್ಯವಾಗಲಿಲ್ಲ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ನಾನಿರುವ ಮನೆಗೆ ಕೊಡುವುದಿಲ್ಲ ಎಂದದ್ದನ್ನೂ ಹೇಳಿದೆ. ಅವಳು ಕೇಳಿದಳು:

"ನಿಮ್ಮನ್ನ ನೋಡ್ತಾ ಅದು?"

"ನೋಡ್ತು."

"ಬಂತಾ ಹತ್ರ?"

"ಇಲ್ಲ. ಎದ್ದು ಒಳಗೆ ಹೋಯ್ತು."

"ಸದ್ಯ," ಎಂದಳು, "ಅದಕ್ಕಾದ್ರೂ ಬುದ್ಧಿ ಬಂತಲ್ಲ."