ಸೂರ್ಯನನ್ನು ಕರೆಯುವ ಗುಡ್ರುನ್

ಕತ್ತಲೆ ಕರಗುವ ಹೊತ್ತು. ಗುಡ್ರುನ್ ಕೋಟಿನ ತೋಳು ಮಡಚಿ ಹಗ್ಗ ಹಿಡಿಯುತ್ತಾರೆ. ಗೋಪುರದ ಮೇಲೆಲ್ಲೋ ಗಂಟೆ ನಿಟ್ಟುಸಿರಿಟ್ಟು ಹೊರಳುತ್ತದೆ. ಹಗ್ಗ ಮೇಲೇರಿದಾಗ ಅವರ ಹಿಮ್ಮಡಿಯೂ ನೆಲ ಬಿಡುತ್ತದೆ. ಕೊನೆಗೆ ಪ್ರಾರ್ಥನೆಯ ಪೆಟ್ಟುಗಳು: ಮೂರು, ಮತ್ತೆ ಮೂರು, ಮತ್ತೆ ಮೂರು. ಆ ನಾದ ಬಾರ್ಲಿ ಹೊಲದ ಅಂಚು ಮುಟ್ಟುವಾಗ ಅಲ್ಲಿಂದ ಕೆಂಪು ಮೂಡುತ್ತದೆ. ಸೂರ್ಯನಿಗೆ ಕಿವಿ ಮಂದ, ಕರೆಯದೆ ಏಳುವುದಿಲ್ಲ ಎನ್ನುತ್ತಾರೆ ವೆಸ್ಟರ್‌ಲುಂಡ್ ಹಳ್ಳಿಯ ಅಜ್ಜಿಯರು. ಇಲ್ಲಿ ನಿಂತು ಕೇಳಿದವರಿಗೆ ಅದು ಕಥೆ ಎನಿಸುವುದೇ ಇಲ್ಲ.

ಅರವತ್ತೆಂಟರ ಗುಡ್ರುನ್ ಯುಟ್‌ಲ್ಯಾಂಡ್ ಸೀಮೆಯ ಈ ಹಳ್ಳಿಯ ಚರ್ಚಿನಲ್ಲಿ ಗಂಟೆ ಬಾರಿಸುವವರು. ಗೋರಿ ತೋಡುವವರೂ ಅವರೇ. ಗಂಡನ ಬೆನ್ನು ಕೆಟ್ಟಾಗ ಹಿಡಿದ ಸಲಿಕೆಯನ್ನು ಇನ್ನೂ ಕೆಳಗಿಟ್ಟಿಲ್ಲ. ಅವರು ನೋಡನೋಡುತ್ತಲೇ ಡೈರಿ ಮುಚ್ಚಿತು, ಶಾಲೆ ಮುಚ್ಚಿತು, ಬ್ಯಾಂಕು ಫೋನಿನೊಳಗೆ ಹೋಯಿತು. ಭಾನುವಾರ ಚರ್ಚಿನಲ್ಲಿ ಜನರಿಗಿಂತ ಮೇಣದಬತ್ತಿಗಳೇ ಹೆಚ್ಚು. ಈಗ ಗಂಟೆಗೂ ಮೋಟಾರು ಬಂದಿದೆ. ಇನ್ನು ಹಗ್ಗ ಬೇಡ, ತೆಗೆಸಿ ಎಂದಿದೆ ಚರ್ಚಿನ ಸಮಿತಿ.

"ನೀನು ರಜೆ ಹಾಕಿದ್ರೆ ಸೂರ್ಯ ಏನ್ಮಾಡ್ತಾನೋ!" ಚರ್ಚಿನ ಬೇಲಿಯಾಚೆಯಿಂದ ಹಳೆಯ ಡೈರಿ ಕೆಲಸಗಾರ ಎಸ್ಕಿಲ್ ಛೇಡಿಸುತ್ತಾರೆ.

"ನಿನ್ ಹಾಗೇ ಹತ್ತು ಗಂಟೆಗೆ ಏಳ್ತಾನೆ, ಬಿಡು."

ಮೋಟಾರು ಕೂರಿಸಲು ಬಂದಿರುವ ಮಾಲ್ಟೆ ಗೋಪುರದೊಳಗಿನ ಏಣಿಯ ಮೇಲಿಂದ ಕೂಗುತ್ತಾನೆ: "ಮೂರು ಪೆಟ್ಟು ಆದ್ಮೇಲೆ ಎಷ್ಟು ಹೊತ್ತು ಬಿಡ್ಲಿ?"

"'ಪರಲೋಕದಲ್ಲಿರುವ ತಂದೆಯೇ' ಪೂರ್ತಿ ಹೇಳ್ಕೊಳ್ಳೋಷ್ಟು."

"ಮೋಟಾರಿಗೆ ಪ್ರಾರ್ಥನೆ ಬರಲ್ವಲ್ಲ!"

"ನಿಂಗೆ ಬರುತ್ತಲ್ಲ, ನೀನು ಹೇಳು."

ಮಾಲ್ಟೆ ಶುರುಮಾಡಿ, ದಿನದ ರೊಟ್ಟಿ ಕೊಡು ಎಂದು ಬೇಡುವ ಸಾಲಿನ ಹತ್ತಿರ ತಡವರಿಸಿ ನಗುತ್ತಾನೆ. ಗುಡ್ರುನ್ ನಗುವುದಿಲ್ಲ. ಕೆಳಗಿನಿಂದಲೇ ಮೆಲ್ಲಗೆ ಮುಂದಿನ ಸಾಲು ಹಿಡಿಯುತ್ತಾರೆ, ಅವನೂ ದನಿಗೂಡಿಸುತ್ತಾನೆ. ಗಂಟೆಯ ಬಾಯಡಿಯಲ್ಲಿ ಎರಡು ದನಿ ಒಂದಾಗಿ ಗುಂಯ್‌ಗುಡುತ್ತದೆ. 'ಆಮೆನ್' ಎಂದ ಕ್ಷಣಕ್ಕೆ ಅವನು ಮೋಟಾರಿಗೆ ಹೊತ್ತು ಗೊತ್ತುಮಾಡುವ ಗುಂಡಿ ಒತ್ತುತ್ತಾನೆ. ಇನ್ನು ಮುಂದೆ ಮೋಟಾರು ಅಷ್ಟೇ ಹೊತ್ತು ಕಾಯುತ್ತದೆ.

ಇಳಿದುಬಂದ ಮಾಲ್ಟೆ ಹಗ್ಗಕ್ಕೆ ಕತ್ತರಿ ಹಾಕುವುದಿಲ್ಲ. "ಸಮಿತಿಯವರನ್ನ ನೀವೇ ಕೇಳ್ನೋಡಿ. ಅಲ್ಲೀತನಕ ಮುಟ್ಟಲ್ಲ," ಎನ್ನುತ್ತಾನೆ.

ಸಭೆ ಇಂದು ಸಂಜೆ. ಏನು ಕೇಳುತ್ತೀರಿ ಎಂದು ಮಾಲ್ಟೆ ಕೇಳಿದರೆ, ಗುಡ್ರುನ್ ಜಡ್ಡುಗಟ್ಟಿದ ಅಂಗೈ ಸವರಿಕೊಳ್ಳುತ್ತಾರೆ.

"ದಿನಾ ಮೋಟಾರೇ ಬಾರಿಸ್ಲಿ, ನನ್ ಭುಜಕ್ಕೂ ಸುಖ. ಹಗ್ಗ ಒಂದು ಇರ್ಲಿ. ಊರಿನೋರನ್ನೆಲ್ಲ ಮಣ್ಣಿಗೆ ಇಡೋವಾಗ ನಾನೇ ಎಳ್ದಿದೀನಿ. ನನ್ನ ಇಡೋ ದಿನ ಯಾರಾದ್ರೂ ಒಬ್ರು ಕೈ ನೋಯಿಸ್ಕೊಳ್ಳಲಿ."