ಬೋರ್ಡೋಗೆ ಹೊರಟವಳು

ಫ್ರಾನ್ಸಿನ ಬರ್ಗಂಡಿಯಲ್ಲಿ ದ್ರಾಕ್ಷಿ ಬೆಳೆಯುವ ಪ್ರತಿ ಹಳ್ಳಿಯಲ್ಲೂ ಲಿಯೊಂತೀನಳಂಥ ಒಬ್ಬಳು ಇದ್ದೇ ಇರುತ್ತಾಳೆ, ಮೂವತ್ತೊಂದು ವರ್ಷದಿಂದ ಬೋರ್ಡೋ ಪಟ್ಟಣಕ್ಕೆ ಹೊರಟು ನಿಂತವಳು. ರೈಲಿನ ವೇಳೆ ಅವಳಿಗೆ ಬಾಯಿಪಾಠ. ಅಲ್ಲಿಯ ನದಿ ದಂಡೆಯಲ್ಲಿ ಯಾವ ಬೆಂಚಿನ ಮೇಲೆ ಕೂರಬೇಕೆಂಬುದೂ ಗೊತ್ತು. ಆದರೆ ಗಂಡ ಎತಿಯೆನ್ ಜನವರಿಯಲ್ಲಿ "ಬಳ್ಳಿ ಸವರೋದು ಮುಗೀಲಿ ಕಣೇ" ಎನ್ನುತ್ತಿದ್ದ, ಏಪ್ರಿಲಿನಲ್ಲಿ "ಚಿಗುರು ಹಿಮಕ್ಕೆ ಸುಟ್ಟೋಗೋ ಕಾಲ ಇದು" ಎನ್ನುತ್ತಿದ್ದ, ಕೊಯ್ಲಾದ ಮೇಲೆ "ಪೀಪಾಯಿ ಬಿಟ್ಟು ಹೆಂಗೆ ಬರಲಿ" ಎನ್ನುತ್ತಿದ್ದ. ಹೋದ ವರ್ಷ ಅವನು ಸತ್ತ. ಈ ಸಲ ಅವಳು ಬಳ್ಳಿಗಳನ್ನೆಲ್ಲ ಒಬ್ಬಳೇ ಸವರಿ ಮುಗಿಸಿ ಬಸ್ಸಿಗೂ ರೈಲಿಗೂ ಟಿಕೆಟ್ ತೆಗೆದಳು. ರೈಲು ನಿಲ್ದಾಣಕ್ಕೆ ಹೋಗುವ ಬಸ್ಸಿಗೆ ಕಾಯುತ್ತಿದ್ದಾಗ ನೆರೆಮನೆಯ ಗಸ್ಪಾರ್ ಅವಳ ಚೀಲದಲ್ಲಿ ಬಾಟಲಿ ಕಂಡು ನಕ್ಕ. "ಏನಮ್ಮಾ, ವೈನಿನ ಊರಿಗೇ ವೈನ್ ಹೊತ್ಕೊಂಡು ಹೊರಟಿದೀಯ?" "ಅವರದ್ದು ಕುಡಿಯೋಕಲ್ಲ ನಾನು ಹೋಗ್ತಿರೋದು, ನಮ್ಮದು ಕುಡಿಸೋಕೆ." ಅದು ಎತಿಯೆನ್ ಕೈಯಾರೆ ತುಂಬಿಸಿದ ಕೊನೆಯ ಬಾಟಲಿ. ಅವನ ಅಂಗಿಯಲ್ಲೇ ಅದನ್ನು ಸುತ್ತಿದ್ದಳು. ಬಳ್ಳಿಗೆ ರೋಗ ತಗಲದಂತೆ ಆ ಊರಿನದೇ ಹೆಸರಿನ ಮೈಲುತುತ್ತದ ಔಷಧಿ, ಬೋರ್ಡೋ ದ್ರಾವಣ, ಹೊಡೆದು ಹೊಡೆದು ಅಂಗಿಯ ತುಂಬ ನೀಲಿ ಕಲೆ. "ಎಷ್ಟು ಒಗೆದ್ರೂ ಹೋಗ್ಲಿಲ್ಲ," ಎಂದಳು. "ಆ ಊರು ಅವರ ಮೈಮೇಲೇ ಇತ್ತು. ಈಗ ಅವರನ್ನ ಆ ಊರಿಗೆ ಕರ್ಕೊಂಡು ಹೋಗ್ತೀನಿ." ಗಸ್ಪಾರ್ ಟೋಪಿ ತೆಗೆದ. ಅವಳು ಬಸ್ಸು ಹತ್ತಿ ಚೀಲವನ್ನು ಕಿಟಕಿಯ ಪಕ್ಕ ಕೂರಿಸಿದಳು. "ಸಾಮಾನು ಕೆಳಗಿಡಿ ಅಮ್ಮಾ," ಎಂದ ಡ್ರೈವರ್. ಲಿಯೊಂತೀನ್ ಎರಡು ಟಿಕೆಟ್ ತೋರಿಸಿದಳು. "ಹೊರಡಪ್ಪ," ಎಂದಳು, "ಇವತ್ತು ಇಬ್ಬರೂ ಬಿಡುವಾಗಿದ್ದೀವಿ."