ಕೆಎ ಹದಿನಾರರಿಂದ ಟಿಜಿ ಹದಿನೈದಕ್ಕೆ

ತೆಲಂಗಾಣದ ಜಹೀರಾಬಾದಿಗೆ ಬಂದ ಮೊದಲ ವಾರದಲ್ಲೇ ಒಬ್ಬ ಪೊಲೀಸ್ ನನ್ನ ಫೋಟೊ ತೆಗೆದ. ನಾನು ನಕ್ಕೆ.

ನಮ್ಮ ಹಿರಿಯೂರಿನಲ್ಲಿ ಪೊಲೀಸರು ಗಾಡಿ ನಿಲ್ಲಿಸುವ ರೀತಿ ನಿಮಗೆಲ್ಲ ಗೊತ್ತು. ಕೈ ಅಡ್ಡ ಹಿಡಿಯುತ್ತಾರೆ, ಸೀಟಿ ಊದುತ್ತಾರೆ, ನಾವು ಇಳಿದು ಜೀಪಿನ ಹತ್ತಿರ ಹೋಗುತ್ತೇವೆ. ಇಲ್ಲಿ ಒಬ್ಬಾತ ಬೇವಿನ ಮರದ ಕೆಳಗೆ ಸುಮ್ಮನೆ ನಿಂತಿದ್ದ. ಕೈ ಅಡ್ಡ ಹಿಡಿಯಲಿಲ್ಲ, ಸೀಟಿ ಊದಲಿಲ್ಲ. ಫೋನ್ ಎತ್ತಿ ನನ್ನ ಕಡೆ ಹಿಡಿದ. ಗುರುತು ಪರಿಚಯ ಇಲ್ಲದ ಊರಲ್ಲಿ ನನ್ನ ಫೋಟೊ ಬೇಕಾದವರು ಒಬ್ಬರಾದರೂ ಇದ್ದಾರಲ್ಲ ಅನ್ನಿಸಿತು. ಗಾಡಿ ನಿಧಾನ ಮಾಡಿ, ಕೂದಲು ಸರಿ ಮಾಡಿಕೊಂಡು, ಹಲ್ಲು ಬಿಟ್ಟೆ. ಆತ ತಲೆಯಾಡಿಸಿ ಹೋಗು ಅಂದ. ಇಲ್ಲಿಯ ಪೊಲೀಸರು ಬಹಳ ಒಳ್ಳೆಯವರು ಎಂದು ಮನೆಗೆ ಬಂದು ಹೆಂಡತಿ ಮಹಾನಂದಾಗೆ ಹೇಳಿದೆ.

ಆಮೇಲೆ ಫೋನಿಗೆ ಚಲಾನ್ ಬಂತು. ಸೀಟ್ ಬೆಲ್ಟ್ ಹಾಕಿಲ್ಲ ಅಂತ ದಂಡ. ಇಲ್ಲಿ ತಡೆದು ನಿಲ್ಲಿಸದೆ ಫೋಟೊ ಹೊಡೆದು ದಂಡ ಹಾಕುವ ಪದ್ಧತಿಯೂ ಇದೆ. ಚಲಾನ್ ತೆರೆದರೆ ನನ್ನದೇ ಮುಖ, ಕಿವಿಯಿಂದ ಕಿವಿಗೆ ನಗು, ಪಕ್ಕದಲ್ಲಿ ಜೋತಾಡುವ ಬೆಲ್ಟು. ಮಹಾನಂದಾ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಳು. "ಮದವಿ ಫೋಟೊದಾಗೂ ನೀವ್ ಹಿಂಗ ನಕ್ಕಿಲ್ರಿ," ಅಂದಳು. ಈಗಲೂ ನಾನು ಫೋನ್ ಮಾಡಿದರೆ ಅವಳ ಫೋನಿನಲ್ಲಿ ಮೂಡುವುದು ಅದೇ ಫೋಟೊ.

ಮಹಾನಂದಾ ನರ್ಸ್. ಅವಳಿಗೆ ಜಹೀರಾಬಾದಿನಲ್ಲಿ ಕೆಲಸ ಸಿಕ್ಕಿತು, ನಾನು ನನ್ನ ಸಣ್ಣ ಗೂಡ್ಸ್ ಗಾಡಿ ಓಡಿಸಿಕೊಂಡು ಅವಳ ಹಿಂದೆ ಬಂದೆ. ಅವಳ ತವರು ಇಲ್ಲಿಗೆ ಹತ್ತಿರ, ನಾರಾಯಣಖೇಡ ದಾಟಿದರೆ ಕಲ್ಹೇರ್. ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಗೆಳೆಯರು ನನ್ನನ್ನು ಮನೆಅಳಿಯ ಅಂತ ಆಡಿಕೊಳ್ಳುತ್ತಾರೆಂದು ಗೊತ್ತು. ನಾನು ಇರುವುದು ಬಾಡಿಗೆ ಮನೆಯಲ್ಲಿ. ಇದನ್ನು ದಯವಿಟ್ಟು ಅವರಿಗೆ ತಿಳಿಸಿ.

ಮನೆಯ ಮಾಲೀಕರು ಧಾರೂರು ಕಡೆಯವರು, ನೌಕರಿ ಮುಗಿಸಿ ನಿವೃತ್ತರಾದವರು. ಅವರ ಪಡಸಾಲೆಯಲ್ಲಿ ಬುದ್ಧನ ಪಟ ಇದೆ. ಮನೆ ನೋಡಲು ಹೋದ ದಿನ ನನ್ನ ಮಾವ ಶಿವರಾಯಪ್ಪನವರ ಹಣೆಯ ವಿಭೂತಿ ನೋಡಿ ಆ ಹಿರಿಯರು ನೇರವಾಗಿ ಕೇಳಿದರು, "ನಾವು ಬುದ್ಧನ ಮಂದಿ ಇದ್ದೀವ್ರಿ. ನಿಮಗ ನಡೀತದೇನ್ರಿ?" ಮಾವ ನಡೆಯುತ್ತದೆ ಅಂದರು. ಆದರೆ ಚಹಾಕ್ಕೆ ಕರೆದಾಗ ಒಳಗೆ ಬರಲಿಲ್ಲ, ಗಾಳಿ ಚೆನ್ನಾಗಿದೆ ಎಂದು ಹೊರಗಿನ ಕಟ್ಟೆಯ ಮೇಲೆ ಕೂತರು. ಆಗ ಕಡು ಬೇಸಿಗೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಮೊದಲಿನ ದಿನಗಳು ಕಷ್ಟವೇ ಆದವು. ನನ್ನದು ಮುದ್ದೆಯ ಹೊಟ್ಟೆ. ಇಲ್ಲಿ ರೊಟ್ಟಿ, ಪುಂಡಿಪಲ್ಯ. ಒಮ್ಮೆ ಅವ್ವ ಕಳಿಸಿದ ರಾಗಿ ಹಿಟ್ಟಿನಲ್ಲಿ ಮುದ್ದೆ ಮಾಡಿ ಮಾವನಿಗೆ ಬಡಿಸಿದೆ. ಅಗಿಯಬಾರದು, ನುಂಗಬೇಕು ಅಂದೆ. "ಹಂಗಾದ್ರ ದೇವ್ರು ಹಲ್ಲ ಯಾಕ ಕೊಟ್ಟಾನ್ರಿ?" ಅಂದರು. ಭಾಷೆಯ ಕಥೆ ಬೇರೆ. ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ, ಶುಂಠಿ ತುಂಬಿಸುವವರು ತೆಲುಗು ಮಾತಾಡುತ್ತಾರೆ. ಪಂಕ್ಚರ್ ಅಂಗಡಿಯಲ್ಲಿ ದಖನಿ ಉರ್ದು. ಕಲ್ಹೇರಿನಲ್ಲಿ ಕನ್ನಡ, ಆದರೆ ಅದು ನನ್ನ ಕನ್ನಡ ಅಲ್ಲ. ನಾನು ಮಾತಾಡಿದರೆ ಅತ್ತೆಯ ಮನೆಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು, ನಾನು ಟಿವಿಯಲ್ಲಿ ವಾರ್ತೆ ಓದುವವನ ಹಾಗೆ ಮಾತಾಡುತ್ತೇನಂತೆ. ಹಿರಿಯೂರಲ್ಲಿ ನನ್ನ ಕನ್ನಡಕ್ಕೆ ಇಂಥ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಈ ಎಲ್ಲದರ ನಡುವೆ ನನ್ನ ಜೊತೆಗಿದ್ದ ನಮ್ಮೂರಿನ ವಸ್ತು ಒಂದೇ, ಗಾಡಿಯ ನಂಬರು. ಕೆಎ ಹದಿನಾರು, ಅಂದರೆ ಚಿತ್ರದುರ್ಗ. ಮದುವೆಯಾದ ಮೇಲೆ ಹತ್ತನೇ ತರಗತಿ ಪಾಸು ಮಾಡಿದವನು ನಾನು. ಆಮೇಲೆ ಧೈರ್ಯ ಬಂದು ತೆಗೆದುಕೊಂಡ ಗಾಡಿ ಅದು. ಅಂಗಡಿಯ ಗಾಜಿನಲ್ಲಿ ಆ ನಂಬರು ಕಂಡರೆ ನಮ್ಮೂರಿನವರೊಬ್ಬರು ಜೊತೆಗೆ ಬಂದಂತೆ ಆಗುತ್ತಿತ್ತು. ಬೇರೆ ರಾಜ್ಯದ ಗಾಡಿ ಒಂದು ವರ್ಷಕ್ಕಿಂತ ಹೆಚ್ಚು ಇಲ್ಲೇ ಇದ್ದರೆ ನಂಬರು ಬದಲಾಯಿಸಬೇಕು. ಮಹಾನಂದಾ ನೆನಪು ಮಾಡುತ್ತಿದ್ದಳು. ಮುಂದಿನ ತಿಂಗಳು ಅನ್ನುತ್ತಿದ್ದೆ. ವರ್ಷ ದಾಟಿತು. ಯಾರಾದರೂ ಕೇಳುವ ತನಕ ಆ ನಂಬರು ಉಳಿಸಿಕೊಳ್ಳುವುದು ಎಂದು ಒಳಗೇ ತೀರ್ಮಾನ ಮಾಡಿಬಿಟ್ಟಿದ್ದೆ.

ಆದರೆ ಆ ನಂಬರಿನಿಂದಲೇ ಎಲ್ಲ ನಾಕಾದಲ್ಲೂ ನನ್ನನ್ನು ನಿಲ್ಲಿಸುತ್ತಿದ್ದರು. ನಾಕಾ ಅಂದರೆ ಇಲ್ಲಿ ಪೊಲೀಸರು ರಸ್ತೆಗೆ ಅಡ್ಡ ಕಟ್ಟಿ ತಪಾಸಣೆ ಮಾಡುವ ಜಾಗ. ಮಾವ ಜೊತೆಗಿದ್ದರೆ ಇನ್ನೊಂದು ಪಜೀತಿ. ಅವರು ಪ್ರಾಯದಲ್ಲಿ ಒಬ್ಬ ದೊಡ್ಡ ರೈತರ ಟ್ರ್ಯಾಕ್ಟರ್ ಓಡಿಸಿದವರು. ಸಂಜೆ ಟ್ರ್ಯಾಕ್ಟರ್ ನಿಲ್ಲಿಸಿ ಚಾವಿಯನ್ನು ಎರಡೂ ಕೈಯಿಂದ ಯಜಮಾನರಿಗೆ ಒಪ್ಪಿಸಬೇಕಿತ್ತು. ಆ ರೂಢಿ ಕೈಯಲ್ಲಿ ಉಳಿದುಬಿಟ್ಟಿದೆ. ಖಾಕಿ ಕಂಡ ಕೂಡಲೇ ನನ್ನ ಗಾಡಿಯ ಚಾವಿ ಕಿತ್ತು, ಇಳಿದು ಹೋಗಿ, ಹೆಗಲ ಟವೆಲ್ ಸೊಂಟಕ್ಕೆ ಸುತ್ತಿ, ಬಾಗಿ ಎರಡೂ ಕೈಯಿಂದ ಕೊಟ್ಟುಬಿಡುತ್ತಿದ್ದರು. ಕೊಟ್ಟ ಮೇಲೆ ಪೊಲೀಸರೂ ಇಟ್ಟುಕೊಳ್ಳುತ್ತಿದ್ದರು. ಒಮ್ಮೆ ಒಬ್ಬ ಪೇದೆ ಚಾವಿ ಜೇಬಿನಲ್ಲಿ ಹಾಕಿಕೊಂಡು ಮರೆತು ಜೀಪು ಹತ್ತಿ ಹೋದ. ಅವನು ಊಟ ಮುಗಿಸಿ ವಾಪಸ್ ಬರುವ ತನಕ ನಾವಿಬ್ಬರೂ ಹುಣಸೆ ಮರದ ಕೆಳಗೆ ಮಲಗಿದ್ದೆವು. ಮಾವ ಗೊರಕೆಯನ್ನೂ ಹೊಡೆದರು.

ಮಾಲೀಕರ ಮಗಳು ಸುಜಾತಾ ಕೋರ್ಟಿನಲ್ಲಿ ವಕೀಲಿ ಮಾಡುತ್ತಾಳೆ. ಒಂದು ಸಂಜೆ ಅವಳನ್ನೇ ಕೇಳಿದೆ. ಅವಳು ಸಮಾಧಾನವಾಗಿ ಹೇಳಿಕೊಟ್ಟಳು. ಯೂನಿಫಾರ್ಮಿನಲ್ಲಿರುವ ಪೊಲೀಸರು ಕೈ ತೋರಿಸಿದರೆ ನಿಲ್ಲಿಸಲೇಬೇಕು, ಕಾಗದ ಕೇಳಿದರೆ ತೋರಿಸಲೇಬೇಕು. ಆದರೆ ಸರ್ಕಾರದ ಆ್ಯಪಿನಲ್ಲಿರುವ ಲೈಸೆನ್ಸು, ಆರ್‌ಸಿ ತೋರಿಸಿದರೂ ಸಾಕು. ಚಾವಿ ಕಿತ್ತುಕೊಳ್ಳುವ ಅಧಿಕಾರ ಕಾನೂನಿನಲ್ಲಿ ಎಲ್ಲೂ ಕೊಟ್ಟಿಲ್ಲ. ಲೈಸೆನ್ಸು ಇಟ್ಟುಕೊಂಡರೆ ಅದಕ್ಕೊಂದು ಚೀಟಿ ಬರೆದು ಕೊಡಬೇಕು. ದಂಡ ಕಟ್ಟಿದರೆ ರಸೀದಿ ಕೇಳಬಹುದು, ಒಪ್ಪಿಗೆ ಇಲ್ಲದಿದ್ದರೆ ಕೋರ್ಟಿಗೆ ಹೋಗಬಹುದು.

"ಹಕ್ಕ ಕೇಳೋದಂದ್ರ ಜಗಳ ಮಾಡೋದಲ್ಲಣ್ಣ. ಮೆತ್ತಗ ಮಾತಾಡ್ರಿ, ಆದ್ರ ಪೂರಾ ಮಾತಾಡ್ರಿ," ಅಂದಳು. ಆಮೇಲೆ ನಕ್ಕಳು. "ಚಾವಿ ಅವ್ರ ಕಸ್ಕೊಂಡ್ರ ನಾ ಕೇಸ್ ಹಾಕ್ತೀನಿ. ನಿಮ್ಮ ಮಾವಾನೇ ಕೊಟ್ರ ನಾ ಏನ್ ಮಾಡ್ಲಿ?"

ಹೋಗುವಾಗ ತಿರುಗಿ, ನಂಬರು ಬದಲಾಯಿಸದೆ ಇರುವುದು ಮಾತ್ರ ನಿಮ್ಮದೇ ತಪ್ಪು, ಅದಕ್ಕೆ ನನ್ನ ಹತ್ತಿರ ಬರಬೇಡಿ ಎಂದೂ ಹೇಳಿದಳು. ಅದು ಕೇಳಿಸದವನ ಹಾಗೆ ನಿಂತೆ.

ಚಳಿಗಾಲದಲ್ಲಿ ಮಾವ ಮನೆಯ ಅಂಗಳಕ್ಕೆ ಕಲ್ಲು ಹಾಸಬೇಕು ಅಂದರು. ತಾಂಡೂರಿನಲ್ಲಿ ನೀಲಿ ಹಾಸುಗಲ್ಲು ತುಂಬಿಕೊಂಡು ಕಲ್ಹೇರಿಗೆ ಹೊರಟೆವು. ಮಾವನ ತೊಡೆಯ ಮೇಲೆ ಸೀತನಿಯ ಗಂಟು ಇತ್ತು. ಸೀತನಿ ಅಂದರೆ ಎಳೆಯ ಜೋಳದ ತೆನೆ ಸುಟ್ಟು ಉದುರಿಸಿದ ಕಾಳು. ಹಿರಿಯೂರಿನವರು ಇದನ್ನು ತಿನ್ನದೆ ಬದುಕಿದ್ದೀರಲ್ಲ ಅನ್ನುವುದೇ ನನಗೆ ಈಗ ಬೇಸರ. ನಾರಾಯಣಖೇಡಕ್ಕೆ ಮೊದಲು ನಾಕಾ ಕಂಡಿತು. ಪೇದೆ ಕೈ ಎತ್ತಿದ. ನಾನು ಗಾಡಿ ಪಕ್ಕಕ್ಕೆ ತಂದು, ಇವತ್ತು ಚಾವಿ ಮುಟ್ಟಬೇಡಿ ಮಾವ ಎಂದು ಹೇಳುವಷ್ಟರಲ್ಲಿ ಅವರು ಇಳಿದಾಗಿತ್ತು, ಬಾಗಿಯೂ ಆಗಿತ್ತು, ಚಾವಿ ಪೇದೆಯ ಕೈಯಲ್ಲಿತ್ತು.

ಎಸ್‌ಐ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಹತ್ತಿರ ಹೋಗಿ ನಮಸ್ಕಾರ ಹೇಳಿ ಫೋನಿನಲ್ಲಿ ಲೈಸೆನ್ಸು, ಆರ್‌ಸಿ, ಇನ್ಶೂರೆನ್ಸು ತೋರಿಸಿದೆ. ಮೆತ್ತಗೆ, ಆದರೆ ಪೂರಾ ಮಾತಾಡಿದೆ. ಕಾಗದ ನೋಡಿ ಸಾರ್, ತಪ್ಪಿದ್ದರೆ ಚಲಾನ್ ಹಾಕಿ, ಆದರೆ ಚಾವಿ ಇಟ್ಟುಕೊಳ್ಳುವ ಹಾಗಿಲ್ಲ, ವಾಪಸ್ ಕೊಡಿಸಿ ಎಂದು ನನ್ನ ಮುರುಕು ತೆಲುಗಿನಲ್ಲಿ ಕೇಳಿಕೊಂಡೆ. ಎಸ್‌ಐ ಪೇದೆಯ ಕಡೆ ನೋಡಿದರು. ನಾನು ಕೇಳೇ ಇಲ್ಲ ಸಾರ್, ಅವರೇ ಕೊಟ್ಟರು ಎಂದು ಪೇದೆ ಅಲವತ್ತುಕೊಂಡ. ಎಸ್‌ಐಗೆ ನಗು ಬಂತು. ಚಾವಿ ನನ್ನ ಕೈಗೆ ಕೊಡಿಸಿ, ಕನ್ನಡಕ್ಕೆ ತಿರುಗಿದರು. ಅವರ ತಾಯಿ ಬೀದರ್ ಕಡೆಯವರಂತೆ.

"ಮುತ್ಯಾ, ನಾವು ಕೇಳಿಲ್ಲ. ಮತ್ತ ಯಾಕ ಕೊಟ್ರಿ?"

"ಕೇಳೋತನಕ ಕಾಯೋದು ಮರ್ಯಾದಿ ಅಲ್ರಿ ಸಾಹೇಬ್ರ," ಅಂದರು ಮಾವ.

ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಎಸ್‌ಐ ಗಾಡಿಯ ಮುಂದೆ ಹೋಗಿ ನಿಂತು, ಕರ್ನಾಟಕದ ನಂಬರು, ಇಲ್ಲಿಗೆ ಬಂದು ಎಷ್ಟು ದಿನ ಆಯಿತು ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಮಾವ ಅಂದರು, "ಹ್ವಾದ ತಿಂಗಳ ಬಂದಾರ್ರಿ. ನಾಳಿ ಊರಿಗಿ ಹೋಗ್ತಾರ."

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಕೆಎ ಹದಿನಾರು ಇನ್ನಷ್ಟು ದಿನ ನನ್ನ ಜೊತೆ ಇರುತ್ತಿತ್ತು. ಆದರೆ ಈಗ ತಾನೇ ಕಾನೂನಿನ ಹೆಸರು ಹೇಳಿ ಚಾವಿ ವಾಪಸ್ ತೆಗೆದುಕೊಂಡಿದ್ದೆ. ಬೆರಳಿಗೆ ಅದರ ಬಿಸಿ ಇನ್ನೂ ತಾಗುತ್ತಿತ್ತು.

"ಇಲ್ಲ ಸಾರ್. ಎರಡು ದಸರಾ ಇಲ್ಲೇ ಮಾಡಿದೀನಿ. ಚಲಾನ್ ಹಾಕಿ, ರಸೀದಿ ಕೊಡಿ," ಅಂದೆ.

ಎಸ್‌ಐ ಚಲಾನ್ ಹಾಕಿದರು, ರಸೀದಿಯನ್ನೂ ಕೊಟ್ಟರು, ಬೇಗ ನಂಬರು ಬದಲಾಯಿಸಿ ಅಂದರು. ಮಾವನಿಗೆ ತಡೆಯಲಾಗಲಿಲ್ಲ. ಸೀತನಿ ಗಂಟು ಬಿಚ್ಚಿ ಮುಂದೆ ಹಿಡಿದರು. ಲಂಚ ಅಂದುಕೊಂಡರೆ ಏನು ಗತಿ ಅನ್ನಿಸಿತು ನನಗೆ. ಎಸ್‌ಐ ಒಂದು ಮುಷ್ಟಿ ತೆಗೆದುಕೊಂಡರು.

"ಚಲಾನಿಗಿ ಮೊದಲ ತಿಂದಿದ್ರ ಲಂಚ ಆಗ್ತಿತ್ತು, ಮುತ್ಯಾ. ಈಗ ಬರೇ ಸೀತನಿ."

ಕಲ್ಹೇರ್ ತಿರುವಿನ ತನಕ ಮಾವ ಸೀತನಿಯ ಗಂಟು ಬಿಚ್ಚುವುದು, ಮತ್ತೆ ಕಟ್ಟುವುದು ಮಾಡುತ್ತಿದ್ದರು. ದಂಡಕ್ಕೆ ಸಿಟ್ಟಾಗಿದ್ದಾರೆ ಅಂದುಕೊಂಡೆ. ಆಮೇಲೆ ರಸ್ತೆ ನೋಡುತ್ತಲೇ ಹೇಳಿದರು, "ನಾಳಿ ಹೋಗ್ತಾರ ಅಂದೆ ನೋಡ್ರಿ ಅಳಿಯಂದ್ರ. ಸುಳ್ಳ ಹೇಳಿದ್ರೂ ನನ್ನ ಎದಿ ಝಲ್ ಅಂತು."

ನಾನು ಗೇರು ಬದಲಾಯಿಸಿದೆ.

ಮುಂದಿನ ಸಲ ಜಹೀರಾಬಾದಿಗೆ ಬಂದಾಗ ಮಾವ ಕಟ್ಟೆಯ ಮೇಲೆ ಕೂರಲಿಲ್ಲ. ನೇರವಾಗಿ ಮಾಲೀಕರ ಪಡಸಾಲೆಗೆ ಹೋಗಿ, ಬುದ್ಧನ ಪಟದ ಕೆಳಗೆ ಕೂತು, ಚಹಾ ಬಸಿಗೆ ಸುರಿದುಕೊಂಡು ಸುಜಾತಾಳನ್ನು ವಿಚಾರಣೆ ಮಾಡಿದರು. ಚಾವಿ ಕೊಡಬಾರದು ಅಂತ ಎಲ್ಲಿ ಬರೆದಿದೆ ಎಂದು ಕೇಳಿದರು. ಕೊಡಬೇಕು ಅಂತ ಎಲ್ಲೂ ಬರೆದಿಲ್ಲ ಕಾಕಾ ಎಂದಳು ಅವಳು. ಇಬ್ಬರೂ ಸೋಲಲಿಲ್ಲ. ಎರಡನೇ ಸಲ ಚಹಾ ಬಂತು.

ನಾನು ಚಿತ್ರದುರ್ಗದ ಆರ್‌ಟಿಒ ಕಚೇರಿಗೆ ಹೋಗಿ ಗಾಡಿ ಬೇರೆ ರಾಜ್ಯಕ್ಕೆ ವರ್ಗಾಯಿಸಲು ಎನ್‌ಒಸಿ ತಂದೆ. ಕೆಎ ಹದಿನಾರರ ಜಾಗಕ್ಕೆ ಇಲ್ಲಿಯ ಜಿಲ್ಲೆಯ ಟಿಜಿ ಹದಿನೈದು ಬಂತು. ಹಳೆಯ ಪ್ಲೇಟು ಬಿಚ್ಚಿದಾಗ ಅದರ ಕೆಳಗಿನ ಬಣ್ಣ ಗಾಡಿ ಕೊಂಡ ದಿನದಷ್ಟೇ ಹೊಳೆಯುತ್ತಿತ್ತು. ಮೆಕ್ಯಾನಿಕ್ ಹೊಸದನ್ನು ಅದರ ಮೇಲೆ ಕೂರಿಸುವ ಮೊದಲು ಒಂದು ನಿಮಿಷ ನಿಲ್ಲಪ್ಪ ಅಂದೆ. ಆ ಹೊಳಪನ್ನು ಒಮ್ಮೆ ಕೈಯಿಂದ ಸವರಿದೆ. ಆಮೇಲೆ ನಾರಾಯಣಖೇಡ ರಸ್ತೆಯಲ್ಲಿ ನನ್ನನ್ನು ಯಾರೂ ನಿಲ್ಲಿಸುತ್ತಿಲ್ಲ. ಮೊದಮೊದಲು ನಾನೇ ನಿಧಾನ ಮಾಡುತ್ತಿದ್ದೆ. ಪೇದೆಗಳು ಹೋಗು ಹೋಗು ಎಂದು ಕೈ ಬೀಸುತ್ತಿದ್ದರು. ಖುಷಿಯೇ ಆಯಿತು. ಸ್ವಲ್ಪ ಬೇಸರವೂ ಆಯಿತು ಅಂದರೆ ನಗಬೇಡಿ.

ಹೋದ ತಿಂಗಳು ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹಿರಿಯೂರಿಗೆ ಬಂದಿದ್ದೆನಲ್ಲ, ಮಾವನೂ ಜೊತೆಗಿದ್ದರು. ಊರು ಇನ್ನೇನು ಬಂತು ಅನ್ನುವಾಗ ಹೆದ್ದಾರಿಯಲ್ಲಿ ನಮ್ಮ ಗಾಡಿ ಒಂದನ್ನೇ ಪಕ್ಕಕ್ಕೆ ಹಾಕಿಸಿದರು. ಟಿಜಿ ನಂಬರು ನೋಡಿ ಒಬ್ಬ ಎಳೆಯ ಪೇದೆ ಎಲ್ಲಿಂದ ಬರುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದ.

"ಜಹೀರಾಬಾದಿನಿಂದ ಬಂದೀನ್ರಿ ಸಾಹೇಬ್ರ. ತಂಗಿ ಮನ್ಯಾಗ ತೊಟ್ಟಿಲ ಕಾರ್ಯ ಅದ," ಅಂದೆ. ಅಂದ ಮೇಲೆ ನನಗೇ ಗಾಬರಿಯಾಯಿತು. ಕಲ್ಹೇರಿನ ಆ ಮಾತು ನನ್ನ ಬಾಯಿಂದಲೇ ಬಂದಿತ್ತು.

ಆತ ನನ್ನ ಫೋನಿನಲ್ಲಿದ್ದ ಕಾಗದ ನೋಡಿ ಫೋನ್ ವಾಪಸ್ ಕೊಟ್ಟ. "ಪರ್ವಾಗಿಲ್ವೆ, ತೆಲಂಗಾಣದೋರಾದ್ರೂ ಕನ್ನಡ ಚೆನ್ನಾಗಿ ಕಲ್ತಿದೀರ," ಅಂದ.

ನಾನು ಹತ್ತನೇ ತರಗತಿ ಪರೀಕ್ಷೆ ಬರೆದ ಶಾಲೆಯ ಹೆಂಚು ಅಲ್ಲಿಂದಲೇ ಕಾಣುತ್ತಿತ್ತು. ನಾನು ಇಲ್ಲಿಯವನೇ ಕಣಪ್ಪ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ, ಈ ಸಲ ಚಾವಿ ಮುಟ್ಟದೆ, ನನ್ನ ಮೇಲಿಂದ ಬಾಗಿ ಕಿಟಕಿಗೆ ಮುಖ ತಂದು, ಎದೆಯುಬ್ಬಿಸಿ ಹೇಳಿದರು, "ಹೌದ್ರಿ ಸಾಹೇಬ್ರ. ನಾವ ಕಲಿಸೀವಿ."

ಆತನ ಮಾತಾಗಲಿ ಮಾವನ ಮಾತಾಗಲಿ ಪೂರ್ತಿ ಸುಳ್ಳು ಅನ್ನಿಸಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಗಾಡಿಯನ್ನು ಊರ ಕಡೆ ಬಿಟ್ಟೆ.